ಮಾವನ ಪರವಾಗಿ ಒಂದು ಗುಟುಕು

ಫೆಬ್ರವರಿ 4

ನನ್ನ ಗಂಡನ ಅಪ್ಪನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಪಾರ್ಶ್ವವಾಯು. ಎಡಗೈ, ಎಡಗಾಲು ಸೋತಿವೆ. ಮಾತು ತೊದಲುತ್ತದೆ, ಗಮನವಿಟ್ಟು ಕೇಳಿದರೆ ಅರ್ಥವಾಗುತ್ತದೆ. ನುಂಗುವ ಶಕ್ತಿ ಹೋಗಿದೆ. ಆಹಾರ, ಔಷಧಿ, ನೀರು ಎಲ್ಲ ಮೂಗಿನ ಬಲ ಹೊಳ್ಳೆಯಿಂದ ಹೊಟ್ಟೆಗೆ ಇಳಿಸಿರುವ ನಳಿಕೆಯ ಮೂಲಕವೇ.

ರಸ್ತೆ ಕಡೆಯ ಕೋಣೆ ಖಾಲಿ ಮಾಡಿ, ಬಾಡಿಗೆಗೆ ತಂದ ಆಸ್ಪತ್ರೆ ಮಂಚ ಹಾಕಿದೆವು. ನನ್ನ ಹೊಲಿಗೆ ಯಂತ್ರ, ಇಸ್ತ್ರಿ ಮೇಜು ಹಜಾರಕ್ಕೆ ಬಂದವು. ನಡೆದರೆ ಮೊಣಕಾಲಿಗೆ ಏನಾದರೂ ತಾಗುತ್ತದೆ.

ಇದು ತಾತ್ಕಾಲಿಕ. ಊರಾಚೆಯ ಆರೈಕೆ ಕೇಂದ್ರದಲ್ಲಿ ಹೆಸರು ಬರೆಸಿದ್ದೇವೆ. ಕೋಣೆ ಖಾಲಿಯಾಗಲು ಒಂದು ತಿಂಗಳು ಹಿಡಿಯಬಹುದು ಎಂದು ಅಲ್ಲಿನ ಮೇಲ್ವಿಚಾರಕಿ ಹೇಳಿದ್ದಾರೆ. ಒಂದು ತಿಂಗಳು ತಾನೆ, ಹಲ್ಲು ಕಚ್ಚಿ ಕಳೆದರಾಯಿತು.

ಫೆಬ್ರವರಿ 6

ಬೆಳಗಿನ ಹೊತ್ತು ನರ್ಸ್ ಒಬ್ಬರು ಬರುತ್ತಾರೆ. ಮಧ್ಯಾಹ್ನ ನಾನು ಕೆಲಸದಿಂದ ಬಂದರೆ ಅವರು ಹೊರಡುತ್ತಾರೆ. ಅಲ್ಲಿಂದ ಸಂಜೆ ನನ್ನ ಗಂಡ ಬರುವವರೆಗೆ ಮನೆಯಲ್ಲಿ ನಾನು ಮತ್ತು ಇವರಪ್ಪ, ಇಬ್ಬರೇ. ಮದುವೆಯಾದಾಗಿನಿಂದ ನಾವಿಬ್ಬರೂ ಆಡಿರುವ ಮಾತನ್ನೆಲ್ಲ ಬರೆದರೆ ಒಂದು ಪುಟ ತುಂಬಲಿಕ್ಕಿಲ್ಲ. ಅವರು ದೊಡ್ಡ ಹೋಟೆಲೊಂದರ ಬಾರಿನಲ್ಲಿ ಗ್ಲಾಸು ತುಂಬಿಸುತ್ತಿದ್ದವರು. ಊರು ಮಲಗುವಾಗ ಅವರಿಗೆ ಕೆಲಸ, ಊರು ಏಳುವಾಗ ಅವರಿಗೆ ನಿದ್ದೆ. ನಮ್ಮ ಮದುವೆಗೂ ಕೆಲಸ ಮುಗಿಸಿ ಹಾಗೇ ಬಂದು, ಊಟ ಮಾಡಿ, ಮೂಲೆಯ ಕುರ್ಚಿಯಲ್ಲಿ ತೂಕಡಿಸಿ ಎದ್ದು ಹೋದರು. ಅತ್ತೆ ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

ಸಿರಿಂಜಿನಿಂದ ಆಹಾರ ಇಳಿಸುವಾಗ ನನ್ನ ಕೈಯನ್ನೇ ನೋಡುತ್ತಾರೆ, ಹೊಸದಾಗಿ ಕೌಂಟರಿಗೆ ಸೇರಿದವರನ್ನು ನೋಡುವ ಹಾಗೆ. "ಮೇಲಿಂದ ಸುರೀಬೇಡ, ನೊರೆ ಬರುತ್ತೆ," ಅಂದರು. ಅದು ನಿಜ. ಸಿರಿಂಜನ್ನು ವಾಲಿಸಿ ಹಾಕಿದೆ.

ನುಂಗುವುದನ್ನು ಅಭ್ಯಾಸ ಮಾಡಿಸುವ ಥೆರಪಿಸ್ಟ್ ಬಂದಿದ್ದಳು. ಚಿಕ್ಕ ವಯಸ್ಸು, ಖಡಕ್ಕು ಮಾತು. ನೀರು ಬೇಡ, ಐಸು ಬೇಡ, ಬಾಯಿಗೆ ಒಂದು ಚಮಚವೂ ಬೇಡ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಜಾರಿದರೆ ಪ್ರಾಣಕ್ಕೆ ಬರುತ್ತದೆ ಅಂದಳು. ಅವಳು ಹೋದ ಮೇಲೆ ಇವರಪ್ಪ ಅವಳಿಗೆ ಬೇಡಮ್ಮ ಎಂದು ಹೆಸರಿಟ್ಟರು.

ಫೆಬ್ರವರಿ 11

ಇವರು ತಮ್ಮ ಅಪ್ಪನ ಮನೆಗೆ ಹೋಗಿ ಬಟ್ಟೆಬರೆ ತಂದರು. ಕೋಣೆಯ ಬಾಗಿಲಲ್ಲಿ ಪೆಟ್ಟಿಗೆ ಇಟ್ಟು, ಒಳಗೆ ಕಾಲಿಡದೆ, ಸ್ನಾನಕ್ಕೆ ಹೋದರು. ದಿನವೂ ಹಾಗೇ. ಬಾಗಿಲಲ್ಲಿ ನಿಂತು "ಹೇಗಿದ್ದೀರಿ" ಅನ್ನುತ್ತಾರೆ, ಅವರು "ಇದ್ದೀನಿ" ಅನ್ನುತ್ತಾರೆ, ಹಾಜರಿ ಮುಗಿಯಿತು.

ಸ್ವೆಟರಿನಲ್ಲಿ ಸುತ್ತಿದ ಬಾಟ್ಲಿಯೊಂದು ಇತ್ತು. ಸ್ಕಾಚ್ ವಿಸ್ಕಿ. ಮುಚ್ಚಳ ಒಡೆದಿಲ್ಲ. ಲೇಬಲ್ ಮೇಲೆ ಪೀಪಾಯಿಯ ಸಂಖ್ಯೆಯನ್ನು ಕೈಯಲ್ಲಿ ಬರೆದಿದ್ದಾರೆ. ಇವರಪ್ಪ ವಿವರಿಸಿದರು. ಸಾಮಾನ್ಯವಾಗಿ ಹತ್ತಾರು ಪೀಪಾಯಿಗಳದ್ದನ್ನು ಬೆರೆಸಿ ಒಂದೇ ರುಚಿಗೆ ತರುತ್ತಾರಂತೆ. ಇದು ಹಾಗಲ್ಲ, ಒಂದೇ ಪೀಪಾಯಿಯದು, ಬೆರಕೆಯಿಲ್ಲ, ನೀರೂ ಬೆರೆಸಿಲ್ಲ. ಜೌಗು ನೆಲದಲ್ಲಿ ಹುಲ್ಲು, ಬೇರು ಕೊಳೆತು ಗಟ್ಟಿಯಾದ ಪೀಟ್ ಎಂಬ ಮಣ್ಣನ್ನು ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರಂತೆ. ನಿವೃತ್ತಿಯಾದ ದಿನ ಹಳೆಯ ಗಿರಾಕಿಯೊಬ್ಬರು ಕೊಟ್ಟದ್ದು. ಒಳ್ಳೆಯ ದಿನ ನೋಡಿ ತೆಗೆಯೋಣವೆಂದು ಇಟ್ಟುಕೊಂಡರಂತೆ.

ತೆಗಿ, ಅಂದರು. ನೀವು ಕುಡಿಯುವ ಹಾಗಿಲ್ಲ ಅಂದೆ.

"ನಾನಲ್ಲ, ನೀನು ಕುಡಿ. ಹೇಗಿದೆ ಅಂತ ನಂಗೆ ಹೇಳು."

ನಾನು ಕುಡಿಯುವವಳಲ್ಲ ಅಂದೆ. ಏನು ಕೆಲಸ ನಿಂದು ಅಂತ ಕೇಳಿದರು. ಸೊಸೆಯ ಕೆಲಸ ಏನೆಂದು ಅವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನೀರು ಸರಬರಾಜು ಇಲಾಖೆಯ ಪ್ರಯೋಗಾಲಯ, ನಲ್ಲಿ ನೀರಿನ ವಾಸನೆ ಮತ್ತು ರುಚಿ ನೋಡಿ ಬರೆಯುವುದು ಅಂದೆ. ನಕ್ಕರು ಅನ್ನಿಸುತ್ತದೆ, ಮುಖದ ಒಂದು ಕಡೆ ಮಾತ್ರ ಅಲುಗಿತು.

ಫೆಬ್ರವರಿ 12

ಮಧ್ಯಾಹ್ನ ಬಾಟ್ಲಿ ತೆಗೆದೆ. ಎಷ್ಟು ಸಲ ಹೇಳಿಸಿಕೊಳ್ಳುವುದು. ಅಗಲ ಬಾಯಿಯ ಗ್ಲಾಸು ಬೇಡ, ಕಿರಿದಾದ ಬಾಯಿ ಬೇಕು, ಇಲ್ಲದಿದ್ದರೆ ವಾಸನೆ ನಿಲ್ಲುವುದಿಲ್ಲ ಅಂದರು. ನಮ್ಮ ಲ್ಯಾಬಿನಲ್ಲಿ ಅಂಚು ಒಡೆದ ಮೇಲೆ ಎಸೆಯುವ ಪುಟ್ಟ ಫ್ಲಾಸ್ಕುಗಳಿವೆ. ಅಂಥದ್ದೊಂದರಲ್ಲಿ ನಾನು ಮನಿ ಪ್ಲಾಂಟ್ ಇಟ್ಟಿದ್ದೆ. ಅದನ್ನೇ ತೊಳೆದು ತಂದೆ.

ಬಣ್ಣ: ತೆಳು, ಒಣ ಹುಲ್ಲಿನಂತೆ. ವಾಸನೆ: ಗಾಯಕ್ಕೆ ಹಚ್ಚುವ ಅಯೋಡಿನ್, ಡಾಂಬರು, ನೀರು ಸುರಿದು ಆರಿಸಿದ ಬೂದಿ. ಒಂದು ಗುಟುಕು ಬಾಯಲ್ಲಿಟ್ಟುಕೊಂಡೆ. ಕಣ್ಣಲ್ಲಿ ನೀರು ಬಂತು.

"ಏನನ್ನಿಸ್ತು?"

"ಸುಟ್ಟಿತು."

"ಅದು ರುಚಿ ಅಲ್ಲ, ದೂರು. ರುಚಿ ಹೇಳು."

ನಮ್ಮ ಕೆಲಸದಲ್ಲಿ ಏನೂ ಇಲ್ಲ ಎಂದು ಬರೆಯುವುದೇ ಒಳ್ಳೆಯ ಫಲಿತಾಂಶ. ಫ್ಲಾಸ್ಕನ್ನು ಅವರ ಮೂಗಿನ ಬಳಿ ಹಿಡಿದೆ. ಒಂದು ಹೊಳ್ಳೆಯಲ್ಲಿ ನಳಿಕೆ, ಇನ್ನೊಂದರಲ್ಲಿ ಎಷ್ಟು ಸಾಧ್ಯವೋ ಅಷ್ಟು ಎಳೆದುಕೊಂಡರು. ನನ್ನ ಕೈ ನೋಯುವವರೆಗೂ ಬಿಡಲಿಲ್ಲ.

ಫೆಬ್ರವರಿ 15

ಇಂಥ ವಿಸ್ಕಿಯನ್ನು ಜನ ಹೇಗೆ ವರ್ಣಿಸುತ್ತಾರೆಂದು ಫೋನಿನಲ್ಲಿ ಓದಿಕೊಂಡು ಹೋದೆ. ಗುಟುಕರಿಸಿ, ಜೇನು, ಹೊಗೆ ಹಾಕಿದ ಮೀನು, ಕೊನೆಯಲ್ಲಿ ಮೆಲ್ಲಗೆ ಕರಗುವ ವೆನಿಲಾ ಎಂದು ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಓದಿ ಹೇಳ್ತಿದ್ದೀಯ."

ಇಲ್ಲ ಅಂದೆ.

"ನನ್ನ ಕೌಂಟರ್ ಮುಂದೆ ಕೂತು ಎಷ್ಟು ಜನ ಇಂಥ ಬೊಗಳೆ ಬಿಟ್ಟಿದ್ದಾರೆ ಗೊತ್ತಾ. ಹೌದು ಸಾರ್, ಹೌದು ಸಾರ್ ಅಂದಿದ್ದೀನಿ. ಈಗ ಯಾಕೆ ಅನ್ನಲಿ?"

ಆಮೇಲೆ ತೊದಲುತ್ತ ಬಹಳ ಹೊತ್ತು ಮಾತಾಡಿದರು. ಅಷ್ಟು ವರ್ಷ ಕೆಲಸ ಮಾಡಿದರೂ ಕೂತು ಒಂದು ಗ್ಲಾಸು ಕುಡಿದವರಲ್ಲವಂತೆ. ಕೆಲಸದ ಹೊತ್ತಿನಲ್ಲಿ ಕುಡಿದರೆ ಕೆಲಸ ಹೋಗುತ್ತದೆ, ಕೆಲಸ ಮುಗಿದರೆ ನಿದ್ದೆ. ಹೊಸ ಬಾಟ್ಲಿ ಬಂದಾಗ ಮುಚ್ಚಳಕ್ಕೆ ಅಂಟಿದ್ದನ್ನು ಬೆರಳಿಗೆ ಮುಟ್ಟಿಸಿ ನಾಲಗೆಗೆ ಇಟ್ಟುಕೊಳ್ಳುವುದು, ಅಷ್ಟೇ. ಅವರು ದಿನವೂ ಕುಡಿಯುವವರೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಇನ್ನೊಂದು ಗುಟುಕು ತೆಗೆದುಕೊಂಡೆ. ಉಪ್ಪು ಇದೆ ಅಂದೆ. ಬಾಯಿಯ ಪಕ್ಕಗಳಲ್ಲಿ, ಅತ್ತು ಮುಗಿದ ಮೇಲೆ ಇರುವಷ್ಟು. ಅವರು ತಲೆದೂಗಿದರು.

ಫೆಬ್ರವರಿ 19

ಈ ಹೊತ್ತಿಗೆ ಹನಿ ನೀರು ಬೇಕು, ಹಾಕಿದರೆ ಅರಳುತ್ತದೆ ಅಂದರು. ಲೋಟದಲ್ಲಿ ನಲ್ಲಿ ನೀರು ತಂದೆ. ಮೂಸಿ, ಈಜುಕೊಳದ ವಾಸನೆ ಅಂದರು. ಕ್ಲೋರಿನ್ ಮಿತಿಯೊಳಗೇ ಇದೆ, ಬೆಳಗ್ಗೆ ತಾನೇ ನಾನೇ ನೋಡಿ ಸಹಿ ಹಾಕಿದ್ದೇನೆ ಅಂದೆ. ಮಿತಿ ನಿಮ್ಮ ಇಲಾಖೆಗೆ, ವಿಸ್ಕಿಗಲ್ಲ ಅಂದರು. ಸಿಟ್ಟು ಬಂತು. ವಾದ ಬೆಳೆಯಿತು. ನರ್ಸ್ ಛತ್ರಿ ಮರೆತು ವಾಪಸು ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

ಮರುದಿನಕ್ಕೆ ಕಾಯದೆ ಲ್ಯಾಬಿಗೆ ಹೋಗಿ, ನಾವು ಹೋಲಿಕೆಗೆಂದು ಇದ್ದಿಲಿನಲ್ಲಿ ಸೋಸಿ ಇಟ್ಟುಕೊಳ್ಳುವ ನೀರು ಒಂದು ಶೀಸೆ ತಂದೆ. ಬಸ್ಸಿನಲ್ಲಿ ಹೋಗಿ ಬರುವಷ್ಟರ ಮಟ್ಟಿಗೆ ಹಟ ಯಾಕೆ ಬಂತೋ. ಪಕ್ಕದ ಮನೆಯಾಕೆ ಅವರ ಹತ್ತಿರ ಕೂತಿದ್ದರು.

ಡ್ರಾಪರಿನಲ್ಲಿ ಕೆಲವು ಹನಿ ಹಾಕಿದೆ. ಹೊಗೆ ಹಿಂದೆ ಸರಿಯಿತು. ಬೂದಿಯ ಆಚೆ ಏನೋ ಹಣ್ಣಿನಂಥದ್ದು. ಬಾಯಲ್ಲಿ ತಿರುಗಿಸಿದೆ. ಪೇರ್ ಹಣ್ಣಲ್ಲ, ಅದರ ಸಿಪ್ಪೆ ಅಂದೆ. ಅವರು ಮೂಸಿದರು. ಇನ್ನೊಮ್ಮೆ ಮೂಸಿದರು.

"ಹೌದು. ಸಿಪ್ಪೆ."

ಸಂಜೆಯ ಕೆಲಸ ಬೇಗ ಮುಗಿಯಿತು.

ಫೆಬ್ರವರಿ 24

ಇವರು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತ ಹಜಾರದಲ್ಲೇ ನಿಂತುಬಿಟ್ಟರು. ಮನೆಯೆಲ್ಲ ಅಪ್ಪನ ಶರ್ಟಿನ ವಾಸನೆ ಅಂದರು. ಚಿಕ್ಕವರಿದ್ದಾಗ ಶಾಲೆಗೆ ಹೊರಡುವ ಹೊತ್ತಿಗೆ ಬಾಗಿಲ ಹಿಂದೆ ಆ ಶರ್ಟು ನೇತಾಡುತ್ತಿತ್ತಂತೆ. ಅಪ್ಪ ಮಲಗಿರುತ್ತಿದ್ದರು, ಸದ್ದು ಮಾಡಬಾರದು ಎಂದು ಅತ್ತೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ಇವರಿಗೆ ಅಪ್ಪ ಅಂದರೆ ಆ ಶರ್ಟು. ಇದನ್ನು ಇವರು ಹಿಂದೆಂದೂ ಹೇಳಿರಲಿಲ್ಲ. ನಾನು ಕಿಟಕಿ ತೆರೆದೆ. ವಿಸ್ಕಿಯ ವಿಷಯ ಹೇಳಿದೆ. ನಿನಗೆ ಬೇರೆ ಕೆಲಸವಿಲ್ಲವಾ ಅಂದರು.

ಆರೈಕೆ ಕೇಂದ್ರದಿಂದ ಫೋನು. ಸೋಮವಾರಕ್ಕೆ ಒಂದು ಕೋಣೆ ಖಾಲಿಯಾಗುತ್ತದಂತೆ, ಕಿಟಕಿ ತೋಟದ ಕಡೆಗಿದೆಯಂತೆ. ಮಾರ್ಚ್ ಒಂಬತ್ತಕ್ಕೆ ಎಕ್ಸ್‌ರೇ ಇಟ್ಟು ನುಂಗುವ ಪರೀಕ್ಷೆ ಮಾಡುತ್ತಾರೆ, ಅದು ಮುಗಿಯಲಿ ಅಂದೆ. ಆಸ್ಪತ್ರೆ ಇಲ್ಲಿಂದ ಹತ್ತಿರ. ಅಲ್ಲಿಂದ ಓಡಾಡುವುದು ಸುಮ್ಮನೆ ತೊಂದರೆ.

ಮಾರ್ಚ್ 2

ಇವತ್ತು ಕೇಳಿಯೇಬಿಟ್ಟರು. ಒಂದು ಹನಿ, ನಾಲಗೆಯ ಮೇಲೆ. ಯಾರಿಗೂ ಗೊತ್ತಾಗುವುದಿಲ್ಲ ಅಂದರು.

ಆಗುವುದಿಲ್ಲ ಅಂದೆ.

ಬಲಗೈಯಿಂದ ನನ್ನ ಸೆರಗಿನ ತುದಿ ಹಿಡಿದುಕೊಂಡರು. ಬಿಡಿಸಿಕೊಂಡು ಬಂದೆ. ಬಾಟ್ಲಿಯನ್ನು ಅಟ್ಟದ ಮೇಲಿಟ್ಟೆ.

ಮಾರ್ಚ್ 3

ಮಾತಿಲ್ಲ. ಗೋಡೆಯ ಕಡೆ ತಿರುಗಿದ್ದಾರೆ.

ಮಾರ್ಚ್ 4

ಮಾತಿಲ್ಲ. ಆಹಾರ ಇಳಿಸುವಾಗ ನೊರೆ ಬಂತು. ಏನೂ ಅನ್ನಲಿಲ್ಲ.

ಮಾರ್ಚ್ 6

ನಾನು ಬಾಟ್ಲಿಯನ್ನು ಅಟ್ಟದಿಂದ ಇಳಿಸಿದೆ. ಅಲ್ಲಿ ಧೂಳು. ಕೋಣೆಯ ಕಪಾಟಿನಲ್ಲಿಟ್ಟೆ. ಅವರ ಬಳಿ ಕುರ್ಚಿ ಎಳೆದುಕೊಂಡು ಕೂತು, ಅವರು ಕೇಳದಿದ್ದರೂ, ಫ್ಲಾಸ್ಕಿಗೆ ಹಾಕಿಕೊಂಡು ಕುಡಿದೆ. ಇವತ್ತು ಮೊದಲು ಸಿಹಿ ಬರ್ತಿದೆ, ಸೀದ ಸಕ್ಕರೆ, ಆಮೇಲೆ ಹೊಗೆ ಅಂದೆ. ಗಾಳಿಯಾಡಿದೆ, ಬಾಟ್ಲಿ ಖಾಲಿಯಾಗ್ತಾ ಹಾಗೆ ಆಗುತ್ತೆ ಅಂದರು, ಗೋಡೆಗೆ.

ಮಾರ್ಚ್ 9

ಪರೀಕ್ಷೆ ಆಯಿತು. ಬಿಳಿ ಗಂಜಿಯಂಥ ಔಷಧಿಯನ್ನು ಚಮಚದಲ್ಲಿ ಕೊಟ್ಟು ಪರದೆಯ ಮೇಲೆ ನೋಡುತ್ತಾರೆ. ನಮಗೂ ಕಾಣುತ್ತಿತ್ತು. ಗಂಟಲಿನವರೆಗೆ ಇಳಿದದ್ದು ಸ್ವಲ್ಪ ತಡೆದು, ಮುಂದಿನ ಕೊಳವೆಗೆ, ಶ್ವಾಸದ ಕೊಳವೆಗೆ ಜಾರಿತು. ಕೆಮ್ಮು ಕೂಡ ಬರಲಿಲ್ಲ. ಡಾಕ್ಟರು ಅಲ್ಲಿಗೇ ನಿಲ್ಲಿಸಿದರು. ಇಷ್ಟು ದಿನದಲ್ಲಿ ಸುಧಾರಿಸದಿದ್ದದ್ದು ಇನ್ನು ಸುಧಾರಿಸುವುದು ಕಷ್ಟ, ಮೂಗಿನ ನಳಿಕೆ ತೆಗೆದು ಹೊಟ್ಟೆಗೇ ನೇರವಾಗಿ ಒಂದು ನಳಿಕೆ ಹಾಕುತ್ತೇವೆ, ಅದು ಕಾಯಂ ಅಂದರು.

ಆ ದಿನ ಸೆರಗು ಬಿಡಿಸಿಕೊಂಡದ್ದು ಸರಿಯೇ ಆಗಿತ್ತು. ಸರಿಯಾಗಿತ್ತು ಎಂದು ತಿಳಿದದ್ದರಿಂದ ಏನೂ ಹಗುರವಾಗಲಿಲ್ಲ.

ಕಾರಿಡಾರಿನಲ್ಲಿ ಮಾವ ಗಾಲಿಕುರ್ಚಿಯಲ್ಲಿ, ನಾನು ಹಿಂದೆ. ಇವರು ಕಿಟಕಿಯ ಹತ್ತಿರ ನಿಂತು ಹೊರಗೆ ನಿಲ್ಲಿಸಿದ್ದ ಕಾರುಗಳನ್ನು ನೋಡುತ್ತಿದ್ದರು. ಮಾವ ಕೇಳಿದ್ದು ಒಂದೇ: "ಮೂಗಿಂದು ತೆಗೀತಾರಲ್ವಾ?"

ಮಾರ್ಚ್ 12

ನಾದಿನಿ ಫೋನು ಮಾಡಿದ್ದಳು. ದೂರದೂರಲ್ಲಿ ಇರುವವಳಿಗೆ ಎಲ್ಲ ಸುಲಭವಾಗಿ ಕಾಣುತ್ತದೆ. ಕಾಯಂ ನಳಿಕೆ ಅಂದಮೇಲೆ ಕೇಂದ್ರಕ್ಕೆ ಕಳಿಸುವುದೇ ವಾಸಿ, ಅತ್ತಿಗೆ, ನಿಮಗೂ ಎಷ್ಟು ಅಂತ ಆಗುತ್ತೆ ಅಂದಳು. ನನಗೇನೂ ಆಗುತ್ತಿಲ್ಲ ಅಂದೆ. ದನಿ ಸ್ವಲ್ಪ ಜೋರಾಗಿತ್ತೇನೋ, ಅವಳು ಬೇಗ ಫೋನಿಟ್ಟಳು.

ಮೇಲ್ವಿಚಾರಕಿಯೂ ಫೋನು ಮಾಡಿದ್ದರು. ನಾನು ಲ್ಯಾಬಿನಲ್ಲಿದ್ದೆ, ತೆಗೆದುಕೊಳ್ಳಲಾಗಲಿಲ್ಲ. ವಾಪಸು ಮಾಡಬೇಕು.

ಮಾರ್ಚ್ 18

ನಳಿಕೆ ಹಾಕಿಸಿ ನಿನ್ನೆ ಬಂದೆವು. ಹೊಟ್ಟೆಯ ಗಾಯ ಚೆನ್ನಾಗಿದೆ. ಮಾವನ ಮುಖದಿಂದ ಅಂಟುಪಟ್ಟಿ ಹೋಗಿದೆ. ಪೂರ್ತಿ ಮುಖವನ್ನು ನಾನು ನೋಡಿಯೇ ಇರಲಿಲ್ಲ ಅನ್ನಿಸಿತು. ಇವರ ಮೂಗು ಎಲ್ಲಿಂದ ಬಂತೆಂದು ಇವತ್ತು ತಿಳಿಯಿತು.

ಮಧ್ಯಾಹ್ನ ಫ್ಲಾಸ್ಕು ಹಿಡಿದೆ. ಎರಡೂ ಹೊಳ್ಳೆ ಈಗ ಖಾಲಿ. ಎಳೆದುಕೊಂಡರು, ನಿಂತರು, ಮತ್ತೆ ಎಳೆದುಕೊಂಡರು.

"ಹಗ್ಗ," ಅಂದರು.

ನಾನು ಮೂಸಿದೆ. ಹಗ್ಗ ನನಗೆ ಸಿಕ್ಕಿಯೇ ಇರಲಿಲ್ಲ. ಒದ್ದೆ ಹಗ್ಗ, ಒಣಗಲು ಬಿಟ್ಟದ್ದು. ರುಚಿ ಬರೆದಿಡುವ ಚೀಟಿಯಲ್ಲಿ ಇಷ್ಟು ದಿನ ಅದನ್ನು ಹಳೇ ಕಂಬಳಿ ಎಂದು ಬರೆದಿದ್ದೆ. ಕಂಬಳಿ ಹೊಡೆದುಹಾಕಿ ಹಗ್ಗ ಎಂದು ಬರೆದೆ.

ಮಾರ್ಚ್ 21

ಬೇಡಮ್ಮ ಬಂದಿದ್ದಳು. ಅವಳ ಕೆಲಸ ಇನ್ನು ಮುಗಿದ ಹಾಗೆ, ಬಾಯಿ ಸ್ವಚ್ಛವಾಗಿಡುವುದು ಹೇಗೆಂದು ತೋರಿಸಿ ಹೋಗಲು ಬಂದಿದ್ದಳು. ಕಡ್ಡಿಯ ತುದಿಗೆ ಸ್ಪಂಜು ಇರುತ್ತದೆ, ಅದನ್ನು ನೀರಲ್ಲಿ ಅದ್ದಿ, ಪೂರ್ತಿ ಹಿಂಡಿ, ಒಸಡು ನಾಲಗೆ ಒರೆಸುವುದು.

ಬಾಗಿಲವರೆಗೆ ಬಿಡಲು ಹೋದಾಗ ಕೇಳಿದೆ. ಅದನ್ನು ನೀರಲ್ಲೇ ಅದ್ದಬೇಕೆಂದು ಇದೆಯೇ ಎಂದು. ಯಾಕೆ ಅಂದಳು. ಹೇಳಿದೆ. ಬೇಡ ಎಂದೇ ಅನ್ನುತ್ತಾಳೆ ಅಂದುಕೊಂಡಿದ್ದೆ. ಚಪ್ಪಲಿ ಹಾಕಿಕೊಂಡವಳು ತೆಗೆದು ವಾಪಸು ಬಂದು ಕೂತಳು.

ಅಪಾಯ ಇಲ್ಲವೆಂದು ಹೇಳಲಾರೆ ಅಂದಳು. ಆದರೆ ರುಚಿಗಾಗಿ ಹೀಗೆ ಮಾಡುವುದುಂಟು. ಮೊದಲು ಬಾಯಿ ಶುಚಿಯಾಗಿರಬೇಕು, ನೆಟ್ಟಗೆ ಕೂರಿಸಬೇಕು, ನೀರು ಬೆರೆಸಿ ತೆಳುವಾಗಿಸಬೇಕು, ಹನಿ ತೊಟ್ಟಿಕ್ಕದ ಹಾಗೆ ಹಿಂಡಬೇಕು, ಮುಟ್ಟಿಸಿ ತೆಗೆಯಬೇಕು. ಡಾಕ್ಟರಿಗೆ ತಿಳಿಸಬೇಕು. ಮತ್ತು ಮನೆಯವರೆಲ್ಲ ಒಪ್ಪಬೇಕು.

ಸಂಜೆ ಇವರಿಗೆ ಹೇಳಿದೆ. ಇವರು ಒಪ್ಪಲಿಲ್ಲ. ಏನಾದರೂ ಆದರೆ ಯಾರು ಹೊಣೆ ಅಂದರು. ನಾನು ಅಂದೆ. ನಿನಗೆ ಅವರು ಏನು ಮಾಡಿದ್ದಾರೆ ಅಂತ ಇಷ್ಟು ಅಂದರು. ಅವರನ್ನೇ ಕೇಳಿ ಅಂದೆ.

ಇವರು ಕೋಣೆಯ ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಹೋದರು. ಅಡುಗೆಮನೆಗೆ ಪೂರ್ತಿ ಕೇಳಿಸಲಿಲ್ಲ, ನಲ್ಲಿ ನಿಲ್ಲಿಸಿದೆ.

"ಬೇಕಾ ಅಪ್ಪ ಇದು? ಏನಾದ್ರೂ ಆದ್ರೆ?"

"ಆಗಬೇಕಾದ್ದು ಆಗಿದೆ ಕಣೋ. ಇದೊಂದು ಆಗಿಲ್ಲ."

ಇವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾರ್ಚ್ 24

ಭಾನುವಾರ. ಡಾಕ್ಟರು ಫೋನಿನಲ್ಲಿ, ಬೇಡಮ್ಮ ಹೇಳಿದಂತೆಯೇ ಮಾಡಿ, ಜ್ವರ ಬಂದರೆ ತಕ್ಷಣ ಕರೆತನ್ನಿ ಅಂದಿದ್ದರು. ನಾನು ಫೋನಿನಲ್ಲಿ ಬೇಡಮ್ಮ ಎಂದೇ ಅಂದಿದ್ದೆ, ಅವರು ಅರ್ಥ ಮಾಡಿಕೊಂಡರು.

ಹಲ್ಲು, ನಾಲಗೆ ಒರೆಸಿದೆ. ಮಾವ ಕ್ಷೌರ ಮಾಡಿಸು ಅಂದರು, ಇವರು ಮಾಡಿದರು. ಒಗೆದ ಶರ್ಟು ಕೇಳಿದರು. ಮಂಚದ ತಲೆಭಾಗ ಎತ್ತಿ, ಬೆನ್ನಿಗೆ ಕೈ ಕೊಟ್ಟು ಇವರು ಹಿಡಿದುಕೊಂಡರು. ನಾನು ವಿಸ್ಕಿಗೆ ಲ್ಯಾಬಿನ ನೀರು ಬೆರೆಸಿ, ಸ್ಪಂಜು ಅದ್ದಿ, ಹಿಂಡಿದೆ. ಇನ್ನೊಮ್ಮೆ ಹಿಂಡಿದೆ. ನಾಲಗೆಯ ತುದಿಗೆ ಮುಟ್ಟಿಸಿದೆ. ಆಮೇಲೆ ಎಡಪಕ್ಕ, ಬಲಪಕ್ಕ.

ಮಾವ ಬಾಯಿ ಮುಚ್ಚಿದರು. ಕಣ್ಣೂ ಮುಚ್ಚಿದರು. ಎದುರು ಮನೆಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು, ನಿಂತಿತು, ಮತ್ತೆ ಶುರುವಾಯಿತು. ನಾನು ಅವರ ಎದೆಯ ಏರಿಳಿತ ನೋಡುತ್ತಿದ್ದೆ.

"ಹೇಗಿದೆ ಮಾವ?"

ಕಣ್ಣು ತೆರೆದು ನನ್ನನ್ನು ನೋಡಿದರು. ಯೋಚಿಸಿದರು.

"ನೀನು ಹೇಳ್ದಾಗ ಇನ್ನೂ ಚೆನ್ನಾಗಿತ್ತು."

ಇವರು ಮೊದಲು ನಕ್ಕರು. ಬೆನ್ನಿಗೆ ಕೊಟ್ಟ ಕೈ ಅಲುಗಿ ಮಾವನೂ ಅಲುಗಿದರು. ನಾನು ಸ್ಪಂಜು ತೊಳೆಯಲು ಹೋದೆ. ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಮಾರ್ಚ್ 27

ಜ್ವರ ಇಲ್ಲ. ಉಸಿರು ಸರಿಯಾಗಿದೆ.

ಮೇಲ್ವಿಚಾರಕಿ ಮತ್ತೆ ಫೋನು ಮಾಡಿ, ಸರದಿಯಲ್ಲಿ ಬೇರೆಯವರು ಕಾಯುತ್ತಿದ್ದಾರೆ, ನಿಮ್ಮ ಹೆಸರು ಇಟ್ಟುಕೊಳ್ಳಲೋ ಬಿಡಲೋ ಅಂದರು. ಅವರನ್ನು ಕಾಯಿಸುವುದು ಸರಿಯಲ್ಲ. ಬಿಡಿ ಅಂದೆ. ಇಸ್ತ್ರಿ ಮೇಜನ್ನು ಮಡಚಿ ಬಾಗಿಲ ಹಿಂದೆ ನಿಲ್ಲಿಸಿದರೆ ಹಜಾರದಲ್ಲಿ ಓಡಾಡಬಹುದು. ಇದು ಮೊದಲೇ ಹೊಳೆಯಬೇಕಿತ್ತು.

ಏಪ್ರಿಲ್ 6

ಇವರು ಇವತ್ತು ಮಧ್ಯಾಹ್ನವೇ ಬಂದರು. ಕೈಕಾಲು ತೊಳೆದು ನೇರ ಕೋಣೆಗೆ ಬಂದು, ನನ್ನ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಏನು ಎಂದು ನಾನು ಕೇಳಲಿಲ್ಲ. ಬಾಟ್ಲಿಯಲ್ಲಿ ಕಾಲುಭಾಗ ಉಳಿದಿದೆ.

"ನಂಗೂ ಸ್ವಲ್ಪ," ಅಂದರು ಇವರು.

ನಾನು ಬಾಟ್ಲಿಗೆ ಕೈ ಹಾಕಿದೆ. ಮಾವ ಬಲಗೈ ಎತ್ತಿ ತಡೆದರು. ಮಂಚದ ಮೇಲಿನ ಅಡ್ಡಹಲಗೆಯನ್ನು ಎಳೆದು ಕೊಡಲು ಹೇಳಿದರು. ಗ್ಲಾಸನ್ನು ಅದರ ಮೇಲಿಟ್ಟೆ. ಬೆಳಕಿಗೆ ಹಿಡಿ ಅಂದರು, ಹಿಡಿದೆ. ಅಂಚಿನಲ್ಲಿ ಬೆರಳಿನ ಗುರುತು ಇತ್ತು, ಒರೆಸಿಸಿದರು. ಬಾಟ್ಲಿಯನ್ನು ಒಂದೇ ಕೈಯಲ್ಲಿ, ಲೇಬಲ್ ಮಗನ ಕಡೆಗೆ ಬರುವಂತೆ ಹಿಡಿದು ವಾಲಿಸಿದರು. ಇದೇ ಕೆಲಸವನ್ನು ಜೀವಮಾನವಿಡೀ ಮಾಡಿದವರು, ಇವರಿಗೆ ಒಮ್ಮೆಯೂ ಮಾಡಿರಲಿಲ್ಲವಂತೆ. ಇವರು ಇನ್ನೂ ಸಾಕು ಅಂದಿರಲಿಲ್ಲ. ನಾನು ಅಂದೆ, ಜಾಸ್ತಿ ಆಯ್ತು ಮಾವ, ಎರಡು ಪೆಗ್ ಮೀರಿತು.

ಕೈ ಸೋತು ಹೆಚ್ಚು ಬಿತ್ತೋ, ಬೇಕೆಂದೇ ಹಾಕಿದರೋ ನನಗೆ ತಿಳಿಯಲಿಲ್ಲ. ಬಾಟ್ಲಿಯ ಕತ್ತನ್ನು ತಿರುಗಿಸಿ, ಕೊನೆಯ ಹನಿ ಚೆಲ್ಲದಂತೆ ಎತ್ತಿಕೊಂಡರು.

"ಅಳತೆ ಗಿರಾಕಿಗಳಿಗೆ," ಅಂದರು. "ಕುಡಿಯೋ. ಹೇಗಿದೆ ಹೇಳು."